ಆಸ್ಪತ್ರೆಯಿಂದ ಮನೆಗೆ ಬಂದ ಹಿರಿಯರಿಗೆ ನೀರೇ ಯಾಕೆ ನೆತ್ತಿಗೆ ಹತ್ತುತ್ತದೆ?

ಊಟದ ನಡುವೆ ಯಾರಿಗಾದರೂ ನೆತ್ತಿಗೆ ಹತ್ತಿದರೆ ನಮ್ಮ ಮನೆಗಳಲ್ಲಿ ಒಬ್ಬರು ತಲೆ ತಟ್ಟಿ ‘ಯಾರೋ ನೆನೆಸಿಕೊಂಡರು’ ಅನ್ನುತ್ತಾರೆ, ಇನ್ನೊಬ್ಬರು ಲೋಟದಲ್ಲಿ ನೀರು ಹಿಡಿದು ಓಡಿ ಬರುತ್ತಾರೆ. ಗಟ್ಟಿಮುಟ್ಟಾಗಿರುವವರಿಗೆ ಇದರಿಂದ ನಷ್ಟವೇನೂ ಇಲ್ಲ. ಸ್ಟ್ರೋಕ್ ಆಗಿಯೋ, ಪಾರ್ಕಿನ್ಸನ್ ಉಲ್ಬಣಿಸಿಯೋ, ಐಸಿಯುನಲ್ಲಿ ಹಲವು ದಿನ ವೆಂಟಿಲೇಟರ್ ಮೇಲಿದ್ದೋ ಮನೆಗೆ ಮರಳಿದ ಅಜ್ಜನಿಗೆ ಮಾತ್ರ ಆ ಹೊತ್ತಿನಲ್ಲಿ ಕೊಡಲೇಬಾರದ್ದು ಆ ಲೋಟ ನೀರು.

ಗಂಟಲು ಸರಿಯಿಲ್ಲ, ಅಗಿಯಲು ಆಗುವುದಿಲ್ಲ, ಹಾಗಾಗಿ ಎಲ್ಲವನ್ನೂ ನೀರಾಗಿಸಿ ಕೊಡೋಣ ಎನ್ನುವುದು ಮನೆಯವರಿಗೆ ಹೊಳೆಯುವ ಮೊದಲ ಉಪಾಯ. ತಿಳಿಸಾರು, ಮಜ್ಜಿಗೆ, ಮೋಸಂಬಿ ರಸ, ತೆಳ್ಳಗಿನ ಗಂಜಿ. ನೋಡಲು ಬರುವ ನೆಂಟರೂ ಎಳನೀರು ಹಿಡಿದೇ ಬರುತ್ತಾರೆ. ನುಂಗುವ ಶಕ್ತಿ ಕುಗ್ಗಿದ ಬಹಳ ಜನರಿಗೆ ಇವೇ ಎಲ್ಲಕ್ಕಿಂತ ಕಷ್ಟದವು. ಕಾರಣ ತಿಳಿಯಬೇಕಾದರೆ ಗಂಟಲಿನೊಳಗೆ ಒಂದು ಕ್ಷಣ ಇಣುಕಬೇಕು.

ಬಾಯಿಯ ಹಿಂದೆ ಸ್ವಲ್ಪ ದೂರ ಗಾಳಿಗೂ ಅನ್ನಕ್ಕೂ ಒಂದೇ ದಾರಿ. ಅಲ್ಲಿಂದ ಮುಂದೆ ಕವಲೊಡೆದು, ಮುಂದಿನದು ಶ್ವಾಸನಾಳವಾಗಿ ಪುಪ್ಪುಸಕ್ಕೂ ಹಿಂದಿನದು ಅನ್ನನಾಳವಾಗಿ ಹೊಟ್ಟೆಗೂ ಹೋಗುತ್ತದೆ. ನುಂಗುವಾಗ ಉಸಿರು ತಾನಾಗಿ ನಿಲ್ಲುತ್ತದೆ, ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಸರಿಯುತ್ತದೆ, ಅದರ ಮೇಲಿನ ಮುಚ್ಚಳ ಬಾಗುತ್ತದೆ, ಅನ್ನನಾಳದ ಬಾಯಿ ತೆರೆಯುತ್ತದೆ. ರೈಲು ಬರುವ ಮುಂಚೆ ಲೆವೆಲ್ ಕ್ರಾಸಿಂಗಿನ ಗೇಟು ಬಿದ್ದ ಹಾಗೆ, ತುತ್ತು ಬರುವ ಮುಂಚೆ ಗಾಳಿಯ ದಾರಿ ಮುಚ್ಚಿರಬೇಕು. ಇಷ್ಟೆಲ್ಲ ನಡೆಯುವುದು ಹೆಚ್ಚುಕಡಿಮೆ ಒಂದೇ ಸೆಕೆಂಡಿನಲ್ಲಿ. ಇಪ್ಪತ್ತಕ್ಕೂ ಹೆಚ್ಚು ಸ್ನಾಯುಗಳು, ಮೆದುಳಿನಿಂದ ನೇರ ಬರುವ ಹಲವು ನರಗಳು ಕೂಡಿ ಮಾಡುವ ಕೆಲಸ ಇದು.

ಸ್ಟ್ರೋಕಿನಿಂದಲೋ ವಯಸ್ಸಿನ ಸ್ನಾಯುಕ್ಷಯದಿಂದಲೋ ಈ ಗೇಟು ಅರ್ಧ ಸೆಕೆಂಡ್ ತಡವಾಗಿ ಬಿತ್ತು ಅನ್ನಿ. ಮೆತ್ತಗಿನ ಒಂದು ತುತ್ತು ನಾಲಿಗೆಯ ಮೇಲೆ ನಿಧಾನವಾಗಿ ಜಾರುವುದರಿಂದ ಅದಕ್ಕೆ ಕಾಯುವ ವ್ಯವಧಾನ ಇದೆ. ನೀರಿಗೆ ಇಲ್ಲ. ಅದು ಬಾಯಿಗೆ ಬಿದ್ದೊಡನೆ ಹಿಂದಕ್ಕೆ ಹರಿದು, ಇನ್ನೂ ತೆರೆದೇ ಇರುವ ಶ್ವಾಸನಾಳದೊಳಕ್ಕೆ ಇಳಿಯುತ್ತದೆ. ಹೀಗೆ ಅಡ್ಡದಾರಿ ಹಿಡಿಯುವುದಕ್ಕೆ ವೈದ್ಯರು ಆಸ್ಪಿರೇಷನ್ ಅನ್ನುತ್ತಾರೆ. ಅದರ ಜೊತೆ ಬಾಯಿಯ ಕೀಟಾಣುಗಳೂ ಹೋಗಿ ನ್ಯುಮೋನಿಯಾ ಆದರೆ ಅದು ಆಸ್ಪಿರೇಷನ್ ನ್ಯುಮೋನಿಯಾ. ಬಿಡುಗಡೆಯಾದ ಹಿರಿಯರು ಮತ್ತೆ ಆಸ್ಪತ್ರೆ ಸೇರುವ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ಸ್ಟ್ರೋಕಿನ ಮೊದಲ ದಿನಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ನುಂಗುವ ತೊಂದರೆ ಇರುತ್ತದೆ. ಸಮಾಧಾನದ ಸಂಗತಿ ಅಂದರೆ, ಅವರಲ್ಲಿ ಬಹುಪಾಲು ಮಂದಿ ಕೆಲವು ವಾರಗಳಲ್ಲಿ ಸುಧಾರಿಸುತ್ತಾರೆ. ಪಾರ್ಕಿನ್ಸನ್ ಮತ್ತು ಮರೆವಿನ ಕಾಯಿಲೆಯಲ್ಲಿ ದಿಕ್ಕು ಉಲ್ಟಾ, ತೊಂದರೆ ನಿಧಾನವಾಗಿ ಹೆಚ್ಚುತ್ತದೆ. ಬಾಯಿ, ಗಂಟಲಿನ ಕ್ಯಾನ್ಸರಿಗೆ ರೇಡಿಯೇಷನ್ ಪಡೆದವರಲ್ಲಿ ತೊಂದರೆ ವರ್ಷಗಳ ನಂತರವೂ ಕಾಣಿಸಿಕೊಳ್ಳಬಹುದು. ಹೀಗಾಗಿ ಪಕ್ಕದ ಮನೆಯ ಅಜ್ಜಿಗೆ ಹೇಳಿದ್ದು ನಮ್ಮ ಮನೆಯ ಅಜ್ಜನಿಗೆ ಹೊಂದುತ್ತದೆ ಎಂದೇನೂ ಇಲ್ಲ.

ಕೆಮ್ಮು ಬರಲಿಲ್ಲ ಅಂದರೆ ಎಲ್ಲ ಸರಿಯಾಗಿದೆ ಎಂದು ತಿಳಿಯುವುದೂ ಅಪಾಯ. ಗಂಟಲಿನ ಸ್ಪರ್ಶಜ್ಞಾನವೇ ಮಂದವಾದವರಲ್ಲಿ ನೀರು ಶ್ವಾಸನಾಳಕ್ಕೆ ಇಳಿದರೂ ಕೆಮ್ಮು ಬರುವುದಿಲ್ಲ. ಮುಖದಲ್ಲಿ ಏನೂ ತೋರುವುದಿಲ್ಲ. ಇಂಥವರಲ್ಲಿ ಗಮನಿಸಬೇಕಾದವು ಬೇರೆ: ಕುಡಿದ ಮೇಲೆ ಮಾತಾಡಿಸಿದರೆ ಧ್ವನಿ ಗೊರಗೊರ ಎಂದು ಒದ್ದೆಯಾಗಿ ಕೇಳುವುದು, ಊಟಕ್ಕೆ ಅರ್ಧ ಗಂಟೆಗೂ ಹೆಚ್ಚು ಹಿಡಿಯುವುದು, ಕೆನ್ನೆಯ ಸಂದಿಯಲ್ಲಿ ಅನ್ನ ಉಳಿಯುವುದು, ಮೂಗಿನಲ್ಲಿ ಸಾರು ಬರುವುದು, ಕಾರಣವಿಲ್ಲದೆ ಸಂಜೆ ಸಂಜೆ ಜ್ವರ ಕಾಯುವುದು. ವಯಸ್ಸಾದವರಿಗೆ ನ್ಯುಮೋನಿಯಾ ಆದಾಗ ಜ್ವರವೂ ಬರದೆ ಬರೀ ಮಂಕು, ನಿದ್ದೆ, ಬಡಬಡಿಕೆ ಮಾತ್ರ ಇರಬಹುದು. ‘ನಿನ್ನೆಯಿಂದ ಅಮ್ಮ ಯಾಕೋ ಮಂಕಾಗಿದ್ದಾರೆ’ ಅನ್ನಿಸಿದರೆ ಅಷ್ಟೇ ಸಾಕು, ವೈದ್ಯರಿಗೆ ಫೋನ್ ಮಾಡಿ.

‘ಸಾಫ್ಟ್ ಡಯಟ್’ ಅಂದರೆ ಯಾವುದು?

ಬೆಂಗಳೂರಿನಲ್ಲಿ ಡಿಸ್ಚಾರ್ಜ್ ಹೇಗೆ ನಡೆಯುತ್ತದೆ ಎನ್ನುವುದು ಅನುಭವಿಸಿದವರಿಗೆ ಗೊತ್ತು. ಬೆಳಗಿನ ರೌಂಡ್ಸಿನಲ್ಲಿ ‘ಇವತ್ತು ಮನೆಗೆ ಹೋಗಬಹುದು’ ಅನ್ನುತ್ತಾರೆ. ಬಿಲ್ಲು ಸಿದ್ಧವಾಗಿ, ಇನ್ಶೂರೆನ್ಸಿನವರು ಒಪ್ಪಿ, ಕೈಗೆ ಫೈಲು ಬರುವ ಹೊತ್ತಿಗೆ ಸಂಜೆಯಾಗಿರುತ್ತದೆ. ಆಚೆ ಟ್ರಾಫಿಕ್ಕು. ಆ ಹೊತ್ತಿಗೆ ನುಂಗುವಿಕೆ ಪರೀಕ್ಷಿಸಿದ ಥೆರಪಿಸ್ಟ್ ಮನೆಗೆ ಹೋಗಿಯಾಗಿದೆ. ಕೈಯಲ್ಲಿರುವ ಇಂಗ್ಲಿಷ್ ಕಾಗದದಲ್ಲಿ ಮಾತ್ರೆಗಳ ಪಟ್ಟಿ ಉದ್ದಕ್ಕೆ ಇರುತ್ತದೆ, ಊಟದ ಬಗ್ಗೆ ಎರಡೇ ಪದ: ಸಾಫ್ಟ್ ಡಯಟ್.

ಈ ಎರಡು ಪದ ಏನನ್ನೂ ಹೇಳುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಒಂದು ಮನೆಯಲ್ಲಿ ಅದು ಹಾಲಲ್ಲಿ ಅದ್ದಿದ ಬ್ರೆಡ್ಡು, ಇನ್ನೊಂದರಲ್ಲಿ ಸಾಂಬಾರಿನಲ್ಲಿ ನೆನೆಸಿದ ಇಡ್ಲಿ, ಮತ್ತೊಂದರಲ್ಲಿ ಉಪ್ಪಿಟ್ಟು. ಮೂರೂ ಮೆತ್ತಗೇ ಇವೆ, ಮೂರೂ ಅಪಾಯ ತರಬಲ್ಲವು. ನೀರಿನ ವಿಷಯವಂತೂ ಅದರಲ್ಲಿ ಬರುವುದೇ ಇಲ್ಲ.

ಇದಕ್ಕೆಂದೇ ಒಂದು ಅಂತರರಾಷ್ಟ್ರೀಯ ಅಳತೆಗೋಲಿದೆ, ಹೆಸರು ಐಡಿಡಿಎಸ್‌ಐ. 2013ರಲ್ಲಿ ಶುರುವಾದ ಈ ಪ್ರಯತ್ನ ಆಹಾರ, ಪಾನೀಯಗಳನ್ನು 0ಯಿಂದ 7ರವರೆಗೆ ಎಂಟು ಹಂತಗಳಾಗಿ ವಿಂಗಡಿಸಿದೆ. 0 ಅಂದರೆ ನೀರು, ಕಾಫಿ, ತಿಳಿಮಜ್ಜಿಗೆ. 1, 2, 3 ಕ್ರಮವಾಗಿ ದಪ್ಪವಾಗುತ್ತ, ಅಷ್ಟೇ ನಿಧಾನವಾಗಿ ಹರಿಯುವ ಪಾನೀಯಗಳು; ನೀರನ್ನೂ ಪುಡಿ ಬೆರೆಸಿ ಹೀಗೆ ದಪ್ಪ ಮಾಡಿ ಕೊಡುತ್ತಾರೆ. 4 ಎಂದರೆ ಗಂಟಿಲ್ಲದ ನುಣುಪು ಪೇಸ್ಟು, ಅಗಿಯುವ ಕೆಲಸವೇ ಇಲ್ಲ. 5ರಲ್ಲಿ 4 ಮಿಲಿಮೀಟರಿಗಿಂತ ಅಗಲವಿಲ್ಲದ, ಒದ್ದೆಯಾದ, ಮೆತ್ತಗಿನ ಚೂರುಗಳು. 6ರಲ್ಲಿ ಒಂದೂವರೆ ಸೆಂಟಿಮೀಟರಿನವರೆಗಿನ ಮೃದು ತುಂಡುಗಳು. 7 ನಮ್ಮ ನಿಮ್ಮ ಊಟ. ಡಿಸ್ಚಾರ್ಜಿನ ಹಿಂದಿನ ದಿನವೇ ವಾರ್ಡಿನಲ್ಲಿ ಕೇಳಬೇಕಾದದ್ದು ಇದನ್ನೇ: ‘ಊಟ ಎಷ್ಟನೇ ಹಂತ, ನೀರು ಎಷ್ಟನೇ ಹಂತ? ಮತ್ತೆ ಯಾವಾಗ ಪರೀಕ್ಷೆ ಮಾಡುತ್ತೀರಿ?’ ಎರಡು ಅಂಕಿ, ಒಂದು ತಾರೀಖು. ಅದನ್ನು ಫೈಲಿನಲ್ಲೇ ಬರೆಸಿಕೊಳ್ಳಿ.

ಈ ಪರೀಕ್ಷೆ ಮಾಡುವವರು ಸ್ಪೀಚ್ ಥೆರಪಿಸ್ಟ್ ಎಂದಾಗ ಹಲವರು ‘ಅವರು ಮಾತು ಕಲಿಸುವವರಲ್ಲವಾ’ ಎಂದು ಹುಬ್ಬೇರಿಸುತ್ತಾರೆ. ಮಾತಿಗೂ ನುಂಗುವುದಕ್ಕೂ ಬೇಕಾದ ತುಟಿ, ನಾಲಿಗೆ, ಧ್ವನಿಪೆಟ್ಟಿಗೆ ಒಂದೇ ಆದ್ದರಿಂದ ಎರಡೂ ಅವರ ಕೆಲಸವೇ. ಹಾಸಿಗೆಯ ಪಕ್ಕ ಕೂತು ಚಮಚದಲ್ಲಿ ಕುಡಿಸಿ ನೋಡುವುದು ಮೊದಲ ಹಂತ. ಸಂದೇಹ ಉಳಿದರೆ, ಬೇರಿಯಂ ಬೆರೆಸಿದ ಆಹಾರ ನುಂಗಿಸಿ ಎಕ್ಸ್‌ರೇ ವಿಡಿಯೋ ತೆಗೆಯುವ ವಿಎಫ್‌ಎಸ್‌ಎಸ್, ಇಲ್ಲವೇ ಮೂಗಿನ ಮೂಲಕ ಸಣ್ಣ ಕ್ಯಾಮೆರಾ ಇಳಿಸಿ ನೋಡುವ ಫೀಸ್ ಪರೀಕ್ಷೆ. ಕೆಮ್ಮಿಲ್ಲದೆ ಒಳಗಿಳಿಯುವ ನೀರು ಕಾಣುವುದು ಇವೆರಡರಲ್ಲೇ.

ಅಡುಗೆಮನೆಯ ಸಿರಿಂಜು

ಪಾನೀಯದ ಹಂತ ಮನೆಯಲ್ಲೇ ಅಳೆಯಬಹುದು, ಬೇಕಾದದ್ದು ಮೆಡಿಕಲ್ ಶಾಪಿನ ಒಂದು 10 ಎಂಎಲ್ ಸಿರಿಂಜು. ಸೂಜಿ ಬೇಡ. 0ಯಿಂದ 10ರ ಗೆರೆಯವರೆಗಿನ ಉದ್ದ ಸ್ಕೇಲಿನಲ್ಲಿ 61.5 ಮಿಲಿಮೀಟರ್ ಇರಬೇಕು, ಕಂಪನಿಯಿಂದ ಕಂಪನಿಗೆ ಇದು ಬದಲಾಗುವುದರಿಂದ ಒಮ್ಮೆ ಅಳೆದುಬಿಡಿ. ಒಳಗಿನ ದಂಡವನ್ನು ತೆಗೆದಿಟ್ಟು, ಕೆಳಗಿನ ತೂತನ್ನು ಬೆರಳಿನಿಂದ ಮುಚ್ಚಿ, 10ರ ಗೆರೆಯವರೆಗೆ ಪಾನೀಯ ತುಂಬಿಸಿ. ಬೆರಳು ತೆಗೆದು 10 ಸೆಕೆಂಡ್ ಎಣಿಸಿ ಮತ್ತೆ ಮುಚ್ಚಿ. ಒಳಗೆ 1 ಎಂಎಲ್‌ಗಿಂತ ಕಡಿಮೆ ಉಳಿದರೆ ಅದು ನೀರಿನ ಹಂತ. 1ರಿಂದ 4 ಎಂಎಲ್ ಉಳಿದರೆ ಹಂತ 1, 4ರಿಂದ 8 ಉಳಿದರೆ ಹಂತ 2, 8ಕ್ಕಿಂತ ಹೆಚ್ಚು ಉಳಿದರೆ ಹಂತ 3. ಹನಿಯೂ ಇಳಿಯದಿದ್ದರೆ ಅದು 4, ಚಮಚದ ವಿಷಯ, ಲೋಟದ್ದಲ್ಲ.

ಬೆಳಗಿನ ರಾಗಿ ಗಂಜಿಯನ್ನು ಹೀಗೆ ಅಳೆದರೆ ಒಂದು ಸ್ವಾರಸ್ಯ ಕಾಣುತ್ತದೆ. ಒಲೆಯಿಂದ ಇಳಿಸಿದೊಡನೆ ಸರಾಗ ಇಳಿಯುವ ಗಂಜಿ, ಆರಿದ ಮೇಲೆ ತೂತಿನಲ್ಲೇ ನಿಂತುಬಿಡುತ್ತದೆ. ಅದಕ್ಕೇ ಕೊಡುವ ಬಿಸಿಯಲ್ಲೇ ಅಳೆಯಬೇಕು. ಇನ್ನೊಂದು ವಿಷಯ, ಮೊಳಕೆ ಕಟ್ಟಿ ಹುರಿದು ಬೀಸಿದ ರಾಗಿ ಹಿಟ್ಟಿನ ಗಂಜಿ ಎಷ್ಟು ಹಿಟ್ಟು ಹಾಕಿದರೂ ತೆಳ್ಳಗೇ ಇರುತ್ತದೆ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆದುಹಾಕುವುದೇ ಇದಕ್ಕೆ ಕಾರಣ. ಮಕ್ಕಳಿಗೆ ಇದು ವರ, ಕಡಿಮೆ ನೀರಿನಲ್ಲಿ ಹೆಚ್ಚು ಶಕ್ತಿ ಸೇರುತ್ತದೆ. ದಪ್ಪ ಪಾನೀಯ ಬೇಕೆಂದು ಹೇಳಿಸಿಕೊಂಡ ಅಜ್ಜಿಗೆ ‘ರಾಗಿ ಮಾಲ್ಟ್ ಪುಷ್ಟಿ’ ಎಂದು ಇದನ್ನೇ ಕೊಟ್ಟರೆ ಎಡವಟ್ಟು.

ನಮ್ಮ ಎಂಜಲಿನಲ್ಲೂ ಅದೇ ಅಮೈಲೇಸ್ ಇದೆ. ಕಾರ್ನ್‌ಫ್ಲೋರಿನಂಥ ಪಿಷ್ಟದಿಂದ ದಪ್ಪ ಮಾಡಿದ ಪಾನೀಯ, ಎಂಜಲಿಡಿದ ಚಮಚವನ್ನೇ ಮತ್ತೆ ಮತ್ತೆ ಅದ್ದುತ್ತಿದ್ದರೆ ಬಟ್ಟಲಿನಲ್ಲೇ ನೀರಾಗುತ್ತ ಬರುತ್ತದೆ. ಪಾನೀಯ ದಪ್ಪ ಮಾಡಲೆಂದೇ ಔಷಧದಂಗಡಿಗಳಲ್ಲಿ ಸಿಗುವ, ಕ್ಸಾಂಥನ್ ಗಮ್ ಎಂಬ ಅಂಟು ಇರುವ ಪುಡಿಗಳಿಗೆ ಈ ತೊಂದರೆ ಇಲ್ಲ. ಬೆಲೆ ಜಾಸ್ತಿ, ನಿಜ. ಪುಡಿ ಹಾಕಿ ಕಲಕಿದ ಮೇಲೆ ಡಬ್ಬಿಯ ಮೇಲೆ ಹೇಳಿದಷ್ಟು ನಿಮಿಷ ಬಿಡಬೇಕು. ಹಾಲು, ಕಾಫಿಯಲ್ಲಿ ನೀರಿಗಿಂತ ತಡವಾಗಿ ದಪ್ಪವಾಗುತ್ತದೆ, ದಪ್ಪವಾಗಲಿಲ್ಲವೆಂದು ಇನ್ನೊಂದು ಚಮಚ ಸುರಿದರೆ ಆಮೇಲೆ ಗೋಂದಾಗುತ್ತದೆ.

ಇನ್ನು ತಿಂಡಿ ಊಟ. ಮೊದಲು ಮುದ್ದೆಯ ಮಾತು, ಏಕೆಂದರೆ ಮಂಡ್ಯ, ಕೋಲಾರ, ತುಮಕೂರಿನಿಂದ ಬಂದು ಇಲ್ಲಿ ನೆಲೆಸಿದ ಮನೆಗಳಲ್ಲಿ ಜಗಳ ನಡೆಯುವುದೇ ಅಲ್ಲಿ. ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಹೊರಳಿಸಿ ಇಡಿಯಾಗಿ ನುಂಗುತ್ತೇವೆ. ‘ಅಗಿಯುವ ಕಷ್ಟವೇ ಇಲ್ಲವಲ್ಲ, ಮುದ್ದೆ ಕೊಡೋಣ’ ಎಂಬ ವಾದ ಕೇಳಲು ಸರಿಯಾಗಿದೆ. ಆದರೆ ಅಂಟುವ, ಗಟ್ಟಿಯಾದ ಉಂಡೆಯನ್ನು ಒಂದೇ ಗುಟುಕಿಗೆ ತಳ್ಳಲು ಗಂಟಲಿಗೆ ಪೂರ್ತಿ ಬಲ ಬೇಕು. ಜೊತೆಗೆ ಇರುವ ಸಾರು ನೀರು. ಗಟ್ಟಿ ಅಂಟು ಒಂದು ಕಡೆ, ತೆಳು ದ್ರವ ಒಂದು ಕಡೆ, ಎರಡೂ ಒಂದೇ ತುತ್ತಿನಲ್ಲಿ. ಥೆರಪಿಸ್ಟ್ ಒಪ್ಪುವವರೆಗೆ ಅದು ಬೇಡ. ರಾಗಿಯೇ ಬೇಕೆಂದು ಹಟ ಹಿಡಿದ ಹಿರಿಯರಿಗೆ ಹಿಟ್ಟನ್ನು ಸೋಸಿ, ಹಾಲಿನಲ್ಲಿ ಕುದಿಸಿ ಮಾಡಿದ ಮೆದುವಾದ ರಾಗಿ ಮಣ್ಣಿ 4ನೇ ಹಂತಕ್ಕೆ ಒಗ್ಗಬಹುದು. ಚಮಚ ವಾರೆ ಮಾಡಿದಾಗ ಅದು ಅಂಟಿಕೊಳ್ಳದೆ ಒಂದೇ ಮುದ್ದೆಯಾಗಿ ಜಾರಿ ಬೀಳಬೇಕು, ಚಮಚದ ಮೇಲೆ ತೆಳು ಪೊರೆ ಮಾತ್ರ ಉಳಿಯಬೇಕು. ಅಂಟಿಕೊಂಡೇ ಕೂತರೆ ಗಂಟಲಲ್ಲೂ ಹಾಗೇ ಕೂರುತ್ತದೆ.

ಎರಡು ಹದ ಒಂದೇ ತುತ್ತಿನಲ್ಲಿ ಇರಬಾರದು ಎನ್ನುವುದು ನೆನಪಿದ್ದರೆ ಉಳಿದದ್ದು ತಾನೇ ಹೊಳೆಯುತ್ತದೆ. ಸಾಂಬಾರಿನಲ್ಲಿ ತೇಲುವ ಇಡ್ಲಿ, ಶ್ಯಾವಿಗೆ ಪಾಯಸ, ಹಾಲು ಅವಲಕ್ಕಿ, ನೀರೊಡೆದ ಮೊಸರನ್ನ, ರಸ ತುಂಬಿದ ಕಲ್ಲಂಗಡಿ, ದ್ರಾಕ್ಷಿ ಎಲ್ಲ ಆ ಜಾತಿಯವು. ಮಂಡಕ್ಕಿ, ಚಕ್ಕುಲಿ, ಕೊಬ್ಬರಿ, ಕಡಲೆಬೀಜ, ಉದುರುದುರಾದ ಚಿತ್ರಾನ್ನದ ಬಗ್ಗೆ ಹೇಳಬೇಕಿಲ್ಲ. ಹೇಳಬೇಕಾದದ್ದು ಒಗ್ಗರಣೆಯ ಬಗ್ಗೆ. ಪೊಂಗಲನ್ನು ಎಷ್ಟೇ ಚೆನ್ನಾಗಿ ಮಿಕ್ಸಿಗೆ ಹಾಕಿದರೂ ಮೇಲೆ ಸಾಸಿವೆ, ಕರಿಬೇವು, ಉದ್ದಿನಬೇಳೆ, ಇಡೀ ಮೆಣಸು ಬಿದ್ದರೆ ಮಾಡಿದ ಕೆಲಸವೆಲ್ಲ ಹಾಳು. ಒಗ್ಗರಣೆ ಇಲ್ಲದ ಊಟ ಊಟವೇ ಅಲ್ಲ ಎನ್ನುವವರಿಗೆ ದಾರಿ ಇದೆ: ತುಪ್ಪದಲ್ಲಿ ಇಂಗು, ಜೀರಿಗೆ, ಕರಿಬೇವು ಸಿಡಿಸಿ, ಸೋಸಿ, ಪರಿಮಳದ ತುಪ್ಪವನ್ನಷ್ಟೇ ಬೆರೆಸುವುದು. ಬಿಸಿಬೇಳೆಬಾತನ್ನೂ ಹೀಗೆ ಮಾಡಬಹುದು. ಮಿಕ್ಸಿಗೆ ಹಾಕುವಾಗ ನೀರಿನ ಬದಲು ಬೇಳೆಯ ಕಟ್ಟೋ ಹಾಲೋ ಸೇರಿಸಿದರೆ ಸತ್ವ ಕಡಿಮೆಯಾಗುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ರುಬ್ಬಿ ಒಂದೇ ಬಣ್ಣದ ಗೊಜ್ಜು ಮಾಡಿ ಇಟ್ಟರೆ ಯಾರಿಗೆ ತಿನ್ನಬೇಕೆನಿಸುತ್ತದೆ? ಅನ್ನ ಬೇರೆ, ಪಲ್ಯ ಬೇರೆ ರುಬ್ಬಿ ತಟ್ಟೆಯಲ್ಲಿ ಬೇರೆ ಬೇರೆಯೇ ಬಡಿಸಿ.

ಐಸ್‌ಕ್ರೀಮ್ ಗಟ್ಟಿಯಾಗಿ ಕಂಡರೂ ಬಾಯಲ್ಲಿ ಕರಗಿ ನೀರಾಗುತ್ತದೆ. ನೀರು ಬೇಡ ಎಂದವರಿಗೆ ಅದೂ ಬೇಡ.

ಕೂರಿಸುವುದು, ಉಣಿಸುವುದು

ಮಲಗಿಸಿ ಉಣಿಸುವಂತಿಲ್ಲ. ಕುರ್ಚಿಯಲ್ಲಿ ಬೆನ್ನು ನೆಟ್ಟಗೆ, ಪಾದ ನೆಲಕ್ಕೆ ತಾಗುವಂತೆ ಕೂರಿಸಬೇಕು. ಆಗದಿದ್ದರೆ ಹಾಸಿಗೆಯ ತಲೆಭಾಗ ಪೂರ್ತಿ ಎತ್ತಿ, ಬೆನ್ನಿಗೆ ದಿಂಬು ಕೊಡಬೇಕು. ಊಟವಾದ ಮೇಲೂ ಅರ್ಧ ಗಂಟೆ ಹಾಗೇ ಕೂತಿರಲಿ. ಉಣಿಸುವವರು ನಿಂತುಕೊಂಡರೆ ಹಿರಿಯರು ಕತ್ತೆತ್ತಿ ನೋಡುತ್ತಾರೆ, ಕತ್ತು ಹಿಂದಕ್ಕೆ ವಾಲಿದಷ್ಟೂ ಶ್ವಾಸನಾಳ ತೆರೆದುಕೊಳ್ಳುತ್ತದೆ. ಆದ್ದರಿಂದ ಎದುರಿಗೆ, ಅವರ ಕಣ್ಣಿನ ಮಟ್ಟದಲ್ಲೇ ಕೂರಿ.

ಎಂಜಲಾಗದಂತೆ ಚೊಂಬು, ಲೋಟ ಎತ್ತಿ ಗಂಟಲಿಗೆ ನೀರು ಸುರಿದುಕೊಂಡು ಕುಡಿಯುವ ರೂಢಿಯಂತೂ ಈ ತೊಂದರೆ ಇರುವವರಿಗೆ ನೇರ ಶತ್ರು. ಎಪ್ಪತ್ತು ವರ್ಷ ಹಾಗೆಯೇ ಕುಡಿದವರು ಸ್ಟ್ರೋಕ್ ಆದ ಮೇಲೂ ಕೈಯೆತ್ತುವುದು ಅಭ್ಯಾಸಬಲದಿಂದ. ಅವರದೇ ಎಂದು ಒಂದು ಲೋಟ ಬೇರೆ ಇಟ್ಟರೆ ಮಡಿ ಎಂಜಲಿನ ಪ್ರಶ್ನೆ ಬರುವುದಿಲ್ಲ, ತುಟಿಗಿಟ್ಟು ಗುಟುಕು ಗುಟುಕಾಗಿ ಕುಡಿಯಬಹುದು. ತೀರ್ಥವೂ ನೀರೇ. ಪೂಜೆಯ ದಿನ ಅಂಗೈಯಿಂದ ಸುರ್ರೆಂದು ಹೀರುವ ಬದಲು ತುಟಿಗೆ ಸವರಿ ಕಣ್ಣಿಗೊತ್ತಿಕೊಂಡರೆ ದೇವರು ಬೇಸರ ಮಾಡಿಕೊಳ್ಳುವುದಿಲ್ಲ.

ಟೀ ಚಮಚದಷ್ಟು ತುತ್ತು ಸಾಕು. ತುತ್ತು ಕೊಟ್ಟ ಮೇಲೆ ಅವರ ಗಂಟಲಿನ ಮುಂಭಾಗ ನೋಡಿ: ಅಲ್ಲಿಯ ಗಡುಸು ಉಬ್ಬು ಮೇಲೆದ್ದು ಕೆಳಗಿಳಿದರೆ ನುಂಗಿದರು ಎಂದರ್ಥ. ಹೆಂಗಸರಲ್ಲಿ ಅದು ಕಣ್ಣಿಗೆ ಸರಿಯಾಗಿ ಕಾಣದು, ಎರಡು ಬೆರಳು ಹಗುರವಾಗಿ ಇಟ್ಟರೆ ತಿಳಿಯುತ್ತದೆ. ಅದು ಇಳಿಯುವ ತನಕ ಮುಂದಿನ ಚಮಚ ಎತ್ತಬಾರದು. ನಡುನಡುವೆ ‘ಆ…’ ಅನ್ನಿಸಿ, ಧ್ವನಿ ಒದ್ದೆಯಾಗಿದ್ದರೆ ಒಮ್ಮೆ ಕೆಮ್ಮಿಸಿ, ಮತ್ತೊಮ್ಮೆ ನುಂಗಿಸಿ. ಧಾರಾವಾಹಿ ನೋಡುತ್ತ ಊಟ ಬೇಡ. ‘ಸಾಂಬಾರ್ ಹೇಗಿದೆ ಅಜ್ಜಿ?’ ಎಂದು ಬಾಯಿ ತುಂಬಿರುವಾಗ ಕೇಳುವುದೂ ಬೇಡ. ನಿದ್ದೆಗಣ್ಣಿನಲ್ಲಿದ್ದರೆ ‘ಒಂದು ಹೊತ್ತಿನ ಊಟ ತಪ್ಪಿತಲ್ಲ’ ಎಂಬ ಆತುರಕ್ಕೆ ಬಾಯಿಗೆ ತುರುಕಬೇಡಿ, ಎಚ್ಚರವಾದ ಮೇಲೆ ಕೊಟ್ಟರಾಯಿತು. ಪಾರ್ಕಿನ್ಸನ್ ಇರುವವರಿಗೆ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿರುವ ಹೊತ್ತಿಗೆ ಊಟ ಹೊಂದಿಸಿದರೆ ನುಂಗುವುದೂ ಸಲೀಸು.

ಗದ್ದವನ್ನು ಎದೆಗೆ ತಾಗಿಸಿ ನುಂಗುವುದು, ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ ನುಂಗುವುದು ಮುಂತಾದ ತಂತ್ರಗಳು, ಗಂಟಲಿನ ವ್ಯಾಯಾಮಗಳು ಯೂಟ್ಯೂಬಿನಲ್ಲಿ ಧಾರಾಳ ಸಿಗುತ್ತವೆ. ಒಬ್ಬರಿಗೆ ದಾರಿ ಮುಚ್ಚುವ ಭಂಗಿ ಇನ್ನೊಬ್ಬರಿಗೆ ತೆರೆದುಬಿಡಬಹುದು. ಪರೀಕ್ಷಿಸಿದವರು ಹೇಳಿಕೊಟ್ಟದ್ದನ್ನಷ್ಟೇ ಮಾಡಿಸಿ.

ಈಗ ಬೆಂಗಳೂರಿನ ಬಹಳ ಮನೆಗಳಲ್ಲಿ ಹಗಲು ಉಣಿಸುವವರು ಏಜೆನ್ಸಿಯಿಂದ ಬಂದ ಆಯಾ. ಮಗ ಸೊಸೆ ಆಫೀಸಿನಲ್ಲಿ. ರಾತ್ರಿ ಪಾಳಿಗೆ ಬೇರೊಬ್ಬರು, ಭಾನುವಾರ ಮಗಳು. ನುಂಗುವ ತೊಂದರೆ ಇರುವವರ ವಿಷಯದಲ್ಲಿ ಎಡವುವುದು ಹೆಚ್ಚಾಗಿ ಈ ಕೈ ಬದಲಾವಣೆಯಲ್ಲೇ. ಬೆಳಗಿನವರು ಪುಡಿ ಹಾಕಿ ದಪ್ಪ ಮಾಡಿದ ನೀರು ಕೊಡುತ್ತಾರೆ, ರಾತ್ರಿಯವರಿಗೆ ಯಾರೂ ಹೇಳಿರುವುದಿಲ್ಲ. ನನಗೆ ಗೊತ್ತಿರುವ ಜಯನಗರದ ಒಂದು ಮನೆಯಲ್ಲಿ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದಾರೆ. ಕನ್ನಡದಲ್ಲಿ ಒಂದು ಸಾಲು, ಅದರ ಕೆಳಗೆ ಆಯಾ ಓದಬಲ್ಲ ಹಿಂದಿಯಲ್ಲಿ ಅದೇ ಸಾಲು: ನೀರು ಹಂತ 2, ಒಂದು ಲೋಟಕ್ಕೆ ಇಷ್ಟು ಅಳತೆ ಪುಡಿ, ಊಟ ಹಂತ 4, ಕೂರಿಸಿಯೇ ಕೊಡಿ, ಸ್ಟ್ರಾ ಬೇಡ. ಪಕ್ಕದಲ್ಲಿ ದಾರ ಕಟ್ಟಿದ ಪೆನ್ನು, ಯಾರು ಎಷ್ಟು ಹೊತ್ತಿಗೆ ಎಷ್ಟು ಕುಡಿಸಿದರು ಎಂದು ಬರೆಯಲು. ನೋಡಲು ಬರುವ ನೆಂಟರ ಕಣ್ಣಿಗೂ ಅದೇ ಮೊದಲು ಬೀಳುತ್ತದೆ, ಎಳನೀರಿನ ಚರ್ಚೆ ಅಲ್ಲಿಗೇ ಮುಗಿಯುತ್ತದೆ.

ಬಾಯಿ ಸ್ವಚ್ಛವಿದೆಯೇ?

ದಪ್ಪ ಮಾಡುವ ಪುಡಿಗೆ ತಿಂಗಳಿಗೆ ಸಾವಿರಾರು ರೂಪಾಯಿ ಖರ್ಚು ಮಾಡುವ ಮನೆಯಲ್ಲೂ ಅಜ್ಜಿಯ ಹಲ್ಲು ಉಜ್ಜಿ ನಾಲ್ಕು ದಿನವಾಗಿರುವುದುಂಟು. ನನ್ನ ಪ್ರಕಾರ ಎರಡರಲ್ಲಿ ಒಂದನ್ನೇ ಮಾಡಬಲ್ಲಿರಾದರೆ ಬ್ರಷ್ಷನ್ನೇ ಆರಿಸಿಕೊಳ್ಳಿ. ಏಕೆಂದರೆ ಊಟ ನಿಲ್ಲಿಸಿದರೂ ಎಂಜಲು ನಿಲ್ಲುವುದಿಲ್ಲ. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಸ್ರವಿಸುವ ಅದರಲ್ಲಿ ಸ್ವಲ್ಪವಾದರೂ, ವಿಶೇಷವಾಗಿ ನಿದ್ದೆಯಲ್ಲಿ, ಪುಪ್ಪುಸಕ್ಕೆ ಇಳಿಯುತ್ತದೆ. ಅದರಲ್ಲಿ ಎಷ್ಟು ಕೀಟಾಣು ಇವೆ ಎಂಬುದರ ಮೇಲೆ ನ್ಯುಮೋನಿಯಾದ ಸಾಧ್ಯತೆ ನಿಂತಿದೆ. 1998ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ 189 ಹಿರಿಯರನ್ನು ನಾಲ್ಕು ವರ್ಷದವರೆಗೆ ಹಿಂಬಾಲಿಸಿ ನೋಡಿತು. ಬರೀ ನುಂಗುವ ತೊಂದರೆಯಿಂದಲೇ ನ್ಯುಮೋನಿಯಾ ಬರುವುದು ಕಡಿಮೆ. ಉಣ್ಣಲೂ ಹಲ್ಲುಜ್ಜಲೂ ಇನ್ನೊಬ್ಬರ ಕೈ ಕಾಯಬೇಕಾದವರಲ್ಲಿ, ಹುಳುಕು ಹಲ್ಲು ಹೆಚ್ಚಿದ್ದವರಲ್ಲಿ ಅದು ಜಾಸ್ತಿ ಎಂದು ಅದು ಕಂಡುಕೊಂಡಿತು.

ಬೆಳಗ್ಗೆ, ರಾತ್ರಿ ಮೆದು ಬ್ರಷ್ಷಿನಿಂದ ಹಲ್ಲು, ಒಸಡು, ನಾಲಿಗೆ, ಅಂಗುಳ ಉಜ್ಜಿಸಿ. ಪೇಸ್ಟು ಕಡಲೆಕಾಳಿನಷ್ಟು ಸಾಕು, ಬಾಯಿ ಮುಕ್ಕಳಿಸಲು ಆಗದವರಿಗೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಕಟ್ಟಿಸಿಕೊಂಡ ಹಲ್ಲುಸೆಟ್ಟನ್ನು ರಾತ್ರಿ ತೆಗೆದು, ತೊಳೆದು, ನೀರಲ್ಲಿ ಇಡಬೇಕು. ತೂಕ ಇಳಿದವರಿಗೆ ಹಳೆಯ ಸೆಟ್ಟು ಸಡಿಲವಾಗಿರುತ್ತದೆ, ಅದೇ ಜಾರಿ ಗಂಟಲಿಗೆ ಬಿದ್ದರೂ ಬೀಳಬಹುದು.

ಮಾತ್ರೆಗಳು

ಮಾತ್ರೆ ನುಂಗಲಾಗದಿದ್ದರೆ ಕುಟ್ಟಿ ಪುಡಿ ಮಾಡಿ ಜೇನಿನಲ್ಲಿ ಕಲಸಿ ಕೊಡುವುದು ವಾಡಿಕೆ. ಹೆಸರಿನ ಪಕ್ಕ ಎಸ್‌ಆರ್, ಎಕ್ಸ್‌ಆರ್, ಸಿಆರ್ ಎಂದಿದ್ದರೆ ಕುಟ್ಟಲೇಬೇಡಿ. ಅವು ಇಡೀ ದಿನ ಸ್ವಲ್ಪ ಸ್ವಲ್ಪವಾಗಿ ಬಿಡುಗಡೆಯಾಗಲು ಮಾಡಿದವು, ಪುಡಿ ಮಾಡಿದರೆ ಅಷ್ಟೂ ಒಂದೇ ಸಲ ರಕ್ತಕ್ಕೆ ಸೇರುತ್ತದೆ. ಬಿಪಿ ಮಾತ್ರೆಯಾದರೆ ತಲೆಸುತ್ತಿ ಬೀಳಬಹುದು, ಶುಗರ್ ಮಾತ್ರೆಯಾದರೆ ಇನ್ನೂ ಕೆಟ್ಟದ್ದು. ಗ್ಯಾಸಿಗೆಂದು ಕೊಡುವ ಪ್ಯಾಂಟೊಪ್ರಜೋಲ್ ಮಾತ್ರೆಗೆ ಹೊಟ್ಟೆಯ ಆಮ್ಲ ತಾಗದಂತೆ ಹೊದಿಕೆ ಇರುತ್ತದೆ, ಕುಟ್ಟಿದರೆ ಪ್ರಯೋಜನ ಹೋಗುತ್ತದೆ. ಮನೆಗೆ ಹೊರಡುವ ಮುಂಚೆ ಆಸ್ಪತ್ರೆಯ ಫಾರ್ಮಸಿಸ್ಟ್ ಮುಂದೆ ಇಡೀ ಪಟ್ಟಿ ಹಿಡಿದು ‘ಇದರಲ್ಲಿ ಯಾವುದನ್ನು ಪುಡಿ ಮಾಡಬಹುದು, ಯಾವುದಕ್ಕೆ ಸಿರಪ್ ಇದೆ, ಯಾವುದನ್ನು ನಿಲ್ಲಿಸಬಹುದೆಂದು ಡಾಕ್ಟರನ್ನು ಕೇಳಬೇಕು’ ಎಂದು ಗುರುತು ಹಾಕಿಸಿಕೊಳ್ಳಿ. ಸಿರಪ್ಪೂ ತೆಳು ದ್ರವವೇ ಎಂಬುದು ನೆನಪಿರಲಿ.

ಇನ್ನೊಂದು ಬಲೆ ಹೆಚ್ಚು ಜನರಿಗೆ ಗೊತ್ತಿಲ್ಲ. ಮಲಬದ್ಧತೆಗೆ ಕೊಡುವ, ಪಾಲಿಎಥಿಲೀನ್ ಗ್ಲೈಕಾಲ್ ಇರುವ ಪುಡಿಯನ್ನು ಪಿಷ್ಟದಿಂದ ದಪ್ಪ ಮಾಡಿದ ನೀರಿಗೆ ಬೆರೆಸಿದರೆ ಆ ನೀರು ಮತ್ತೆ ತೆಳ್ಳಗಾಗುತ್ತದೆ. 2021ರಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಕರು ಇದರ ಬಗ್ಗೆ ಎಚ್ಚರಿಕೆ ಹೊರಡಿಸಿದ್ದರು.

ದಪ್ಪ ನೀರು ಸಾಕಾಗಿದೆ ಎಂದಾಗ

ದಪ್ಪ ಮಾಡಿದ ಕಾಫಿ ಯಾರಿಗೂ ರುಚಿಸುವುದಿಲ್ಲ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಹಿರಿಯರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ನಾಲಿಗೆ ಒಣಗುತ್ತದೆ, ಮೂತ್ರ ಗಾಢ ಹಳದಿಯಾಗುತ್ತದೆ, ಮಂಪರು ಕವಿಯುತ್ತದೆ. ದಪ್ಪ ದ್ರವ ಶ್ವಾಸನಾಳಕ್ಕೆ ಇಳಿಯುವುದು ಕಡಿಮೆ ಎಂದು ಎಕ್ಸ್‌ರೇ ವಿಡಿಯೋಗಳು ತೋರಿಸುತ್ತವೆ. ಅದರಿಂದ ನ್ಯುಮೋನಿಯಾವೂ ಅಷ್ಟೇ ಕಡಿಮೆಯಾಗುತ್ತದೆ ಎನ್ನಲು ಪುರಾವೆ ದುರ್ಬಲ. ಹಾಗಾಗಿ ಕೆಲವು ರೋಗಿಗಳಿಗೆ ಥೆರಪಿಸ್ಟ್‌ಗಳು ಬಾಯಿ ಚೆನ್ನಾಗಿ ಸ್ವಚ್ಛ ಮಾಡಿಸಿ, ಊಟದ ಹೊತ್ತು ಬಿಟ್ಟು ಬೇರೆ ಹೊತ್ತಿನಲ್ಲಿ, ಕೂರಿಸಿ, ಗುಟುಕು ಗುಟುಕಾಗಿ ಬರೀ ನೀರು ಕುಡಿಯಲು ಬಿಡುವ ಕ್ರಮವನ್ನೂ ಹೇಳುತ್ತಾರೆ. ಎಲ್ಲರಿಗೂ ಅದು ಆಗದು, ಆದರೆ ‘ನಮ್ಮ ತಂದೆಗೆ ಅದು ಸಾಧ್ಯವೇ?’ ಎಂದು ಕೇಳುವುದರಲ್ಲಿ ತಪ್ಪಿಲ್ಲ. ವಾರಕ್ಕೊಮ್ಮೆ ತೂಕ ನೋಡಿ. ಒಂದು ತಿಂಗಳಲ್ಲಿ ನೂರಕ್ಕೆ ಐದರಷ್ಟು, ಅಂದರೆ 60 ಕೆಜಿ ಇದ್ದವರು 3 ಕೆಜಿ ಇಳಿದರೆ ಅದು ಹುಡುಗಾಟವಲ್ಲ.

ಬಾಯಿಂದ ಸಾಕಷ್ಟು ಹೋಗುತ್ತಲೇ ಇಲ್ಲ ಎಂದಾಗ ಮೂಗಿನ ಮೂಲಕ ಹಾಕುವ ರೈಲ್ಸ್ ಟ್ಯೂಬ್ ಬರುತ್ತದೆ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರದವರೆಗೆ ಅದು, ಇನ್ನೂ ಹೆಚ್ಚು ಕಾಲ ಬೇಕೆಂದರೆ ಹೊಟ್ಟೆಗೆ ನೇರ ಹಾಕುವ ಪೆಗ್ ಟ್ಯೂಬ್. ಮೂಗಿನ ಹೊಳ್ಳೆಯ ಹತ್ತಿರ ಟ್ಯೂಬಿನ ಮೇಲೆ ಮಾರ್ಕರಿನಿಂದ ಗುರುತು ಹಾಕಿಸಿಕೊಳ್ಳಿ. ಪ್ರತಿ ಸಲ ಕೊಡುವ ಮುಂಚೆ ಆ ಗುರುತು ಸರಿದಿದೆಯೇ ನೋಡಿ, ಸರಿದಿದ್ದರೆ ಅಥವಾ ಕೆಮ್ಮು, ಏದುಸಿರು ಬಂದರೆ ಏನನ್ನೂ ಹಾಕದೆ ನರ್ಸನ್ನು ಕರೆಸಿ. ಹೊರಬಂದ ಟ್ಯೂಬನ್ನು ನೀವೇ ಒಳಗೆ ತಳ್ಳುವಂತಿಲ್ಲ. ತಲೆಭಾಗ 30ರಿಂದ 45 ಡಿಗ್ರಿ ಎತ್ತಿರಲಿ. ಟ್ಯೂಬ್ ಇದ್ದರೂ ಎಂಜಲು ಇಳಿಯುವುದು ನಿಲ್ಲುವುದಿಲ್ಲ, ಆದ್ದರಿಂದ ಬ್ರಷ್ ಮಾತ್ರ ತಪ್ಪಬಾರದು.

ಮರೆವಿನ ಕಾಯಿಲೆ ಕೊನೆಯ ಹಂತಕ್ಕೆ ಬಂದವರಲ್ಲಿ ಟ್ಯೂಬಿನಿಂದ ಆಯುಸ್ಸು ಹೆಚ್ಚಾಗುತ್ತದೆ, ನ್ಯುಮೋನಿಯಾ ತಪ್ಪುತ್ತದೆ ಎಂದು ತೋರಿಬಂದಿಲ್ಲ. ಅಂಥವರಿಗೆ ಕೈಯಿಂದ, ನಿಧಾನವಾಗಿ, ಅವರು ಇಷ್ಟಪಡುವಷ್ಟನ್ನು ಉಣಿಸುವುದೇ ಒಳ್ಳೆಯದೆಂದು ಹಿರಿಯರ ಚಿಕಿತ್ಸೆಯ ತಜ್ಞರು ಹೇಳುತ್ತಾರೆ. ‘ಹೊಟ್ಟೆಗೆ ಇಲ್ಲದೆ ಸಾಯಿಸಿದಿರಿ’ ಎಂಬ ನೆಂಟರ ಮಾತಿಗೆ ಹೆದರಿ ಟ್ಯೂಬ್ ಹಾಕಿಸುವ ಮನೆಗಳಿವೆ. ತೀರ್ಮಾನಕ್ಕೆ ಮುಂಚೆ ವೈದ್ಯರ ಜೊತೆ ಮನೆಮಂದಿಯೆಲ್ಲ ಕೂತು ಮಾತಾಡಲಿ, ಹಿರಿಯರು ಮೊದಲು ಏನು ಹೇಳುತ್ತಿದ್ದರು ಎಂಬುದನ್ನೂ ನೆನಪಿಸಿಕೊಳ್ಳಲಿ.

ಗಂಟಲಿಗೆ ಸಿಕ್ಕಿಹಾಕಿಕೊಂಡರೆ: ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ, ನೀರು ಕೊಡಬೇಡಿ, ಬಾಯಿಗೆ ಬೆರಳು ಹಾಕಿ ಕೆದಕಬೇಡಿ. ಕೆಮ್ಮಲೂ ಮಾತಾಡಲೂ ಆಗದೆ ಮುಖ ಕಪ್ಪಿಡುತ್ತಿದ್ದರೆ ಮುಂದಕ್ಕೆ ಬಾಗಿಸಿ ಎರಡು ಹೆಗಲುಮೂಳೆಗಳ ನಡುವೆ ಅಂಗೈಯಿಂದ ಐದು ಸಲ ಬಲವಾಗಿ ಗುದ್ದಿ. ಹೊರಬಾರದಿದ್ದರೆ ಹಿಂದೆ ನಿಂತು, ಹೊಕ್ಕುಳಿಗಿಂತ ಸ್ವಲ್ಪ ಮೇಲಕ್ಕೆ ಮುಷ್ಟಿಯಿಟ್ಟು, ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಿ. ಮತ್ತೆ ಗುದ್ದು, ಮತ್ತೆ ಒತ್ತು. ಇನ್ನೊಬ್ಬರು ಆಗಲೇ 108ಕ್ಕೆ ಫೋನ್ ಮಾಡಲಿ. ಪ್ರಜ್ಞೆ ತಪ್ಪಿದರೆ ನೆಲದ ಮೇಲೆ ಮಲಗಿಸಿ ಸಿಪಿಆರ್, ಅಂದರೆ ಎದೆಯ ನಡುವೆ ಒತ್ತುವ ಪ್ರಥಮ ಚಿಕಿತ್ಸೆ, ಶುರು ಮಾಡಿ.

ಬೆಂಗಳೂರಿನಲ್ಲಿ ತೋರಿಸಲು ಜಾಗಗಳಿಗೆ ಕೊರತೆಯಿಲ್ಲ. ನರಸಂಬಂಧಿ ಕಾಯಿಲೆಯವರಿಗೆ ನಿಮ್ಹಾನ್ಸಿನಲ್ಲಿ ಸ್ಪೀಚ್ ಪೆಥಾಲಜಿ ವಿಭಾಗವೇ ಇದೆ. ಬಾಯಿ, ಗಂಟಲಿನ ಕ್ಯಾನ್ಸರಿನವರು ಕಿದ್ವಾಯಿಯಲ್ಲಿ ಚಿಕಿತ್ಸೆ ಪಡೆದಿದ್ದರೆ ಅಲ್ಲಿಯೇ ನುಂಗುವ ತೊಂದರೆಯನ್ನೂ ಹೇಳಿಕೊಳ್ಳಬಹುದು. ಮೈಸೂರು ಕಡೆಯವರಿಗೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಇದೆ. ಮನೆಗೆ ಬಂದು ನೋಡುವ ಖಾಸಗಿ ಥೆರಪಿಸ್ಟರನ್ನು ಗೊತ್ತು ಮಾಡುವಾಗ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಇದೆಯೇ ಎಂದು ವಿಚಾರಿಸಿ, ನುಂಗುವ ತೊಂದರೆಯ ರೋಗಿಗಳನ್ನು ನೋಡಿದ ಅನುಭವ ಇದೆಯೇ ಎಂದೂ ಕೇಳಿ. ಎಲ್ಲಿ ಹೋಗಬೇಕೆಂದೇ ತೋಚದ ಹಿರಿಯರಿಗೆ ಕೇಂದ್ರ ಸರ್ಕಾರದ ಎಲ್ಡರ್‌ಲೈನ್ ಸಂಖ್ಯೆ 14567 ಇದೆ.

ಬರೆಸಿಕೊಂಡ ತಾರೀಖಿಗೆ ತಪ್ಪದೆ ಮರುಪರೀಕ್ಷೆಗೆ ಹೋಗಿ. ಸ್ಟ್ರೋಕಿನಿಂದ ಚೇತರಿಸಿಕೊಂಡವರು ಬೇಕಿಲ್ಲದಿದ್ದರೂ ಹಳೆಯ ಹಂತದಲ್ಲೇ ಆರು ತಿಂಗಳು ದಪ್ಪ ನೀರು ಕುಡಿಯುತ್ತ ಇದ್ದುಬಿಡುವುದು, ಯಾರೂ ಮತ್ತೆ ನೋಡಲಿಲ್ಲ ಎಂಬ ಒಂದೇ ಕಾರಣಕ್ಕೆ. ಹೋಗುವಾಗ ತೂಕದ ಚೀಟಿ, ಮಾತ್ರೆಗಳ ಪಟ್ಟಿ, ನೀವು ಬಳಸುವ ಪುಡಿಯ ಡಬ್ಬಿ ಜೊತೆಗಿರಲಿ. ಬೆಳಗಿನ ಊಟದ ಎರಡು ನಿಮಿಷದ ವಿಡಿಯೋ ಫೋನಿನಲ್ಲಿ ಇದ್ದರೆ ಇನ್ನೂ ಒಳ್ಳೆಯದು. ಓಪಿಡಿಯಲ್ಲಿ ಎಚ್ಚರದಿಂದ ನುಂಗುವವರು ಮನೆಯಲ್ಲಿ ಹೇಗೆ ನುಂಗುತ್ತಾರೆ ಎಂಬುದು ಥೆರಪಿಸ್ಟ್‌ಗೆ ಅದರಲ್ಲಿ ಗೊತ್ತಾಗುತ್ತದೆ. ಹಗಲು ಉಣಿಸುವ ಆಯಾ ಬರಲು ಒಪ್ಪಿದರೆ ಅವರನ್ನೂ ಕರೆದುಕೊಂಡು ಹೋಗಿ.